ಎಂಜಿನ್ನಿನ ಉಸಿರಿಗೊಂದು ಎಣ್ಣೆ ಡಬ್ಬಿ

ಕಾರಿನ ಎಂಜಿನ್ ಸೈಲೆನ್ಸರ್ ಮೂಲಕ ಹೊಗೆ ಬಿಡುವುದು ಎಲ್ಲರಿಗೂ ಗೊತ್ತು. ಅದು ಇನ್ನೊಂದು ಕಡೆಯಿಂದಲೂ ಉಸಿರು ಬಿಡುತ್ತದೆ ಎಂಬುದು ಹಲವರಿಗೆ ತಿಳಿದಿರಲಾರದು. ಪಿಸ್ಟನ್ ಸುತ್ತಲಿನ ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಇಂಧನ ಉರಿದಾಗ ಸ್ವಲ್ಪ ಅನಿಲ ಅವುಗಳ ಸಂದಿಯಿಂದ ಕೆಳಗಿನ ಕ್ರ್ಯಾಂಕ್‌ಕೇಸಿಗೆ ನುಸುಳುತ್ತದೆ. ಇದೇ ‘ಬ್ಲೋ ಬೈ’. ಅದರಲ್ಲಿ ಉರಿಯದ ಪೆಟ್ರೋಲು, ನೀರಾವಿ ಇರುತ್ತವೆ. ಹೊರಬರುವಾಗ ಎಣ್ಣೆಯ ಸೂಕ್ಷ್ಮ ಹನಿಗಳನ್ನೂ ಅದು ಹೊತ್ತು ತರುತ್ತದೆ.

ಈ ಅನಿಲಕ್ಕೆ ದಾರಿ ಬಿಡದಿದ್ದರೆ ಒತ್ತಡ ಹೆಚ್ಚಿ ಆಯಿಲ್ ಸೀಲುಗಳು ಸೋರತೊಡಗುತ್ತವೆ. ಹಿಂದೆ ಒಂದು ಕೊಳವೆಯ ಮೂಲಕ ಅದನ್ನು ನೇರವಾಗಿ ರಸ್ತೆಯ ಮೇಲೆ ಬಿಡುತ್ತಿದ್ದರು. ವಾಹನಗಳ ಅನಿಲ ಬಿಸಿಲಿನಲ್ಲಿ ಮಾರ್ಪಟ್ಟು ಲಾಸ್ ಏಂಜಲೀಸಿನ ಹೊಗೆಮಂಜಿಗೆ ಕಾರಣವಾಗುತ್ತದೆ ಎಂದು ರಸಾಯನ ವಿಜ್ಞಾನಿ ಹಾಗನ್-ಸ್ಮಿಟ್ 1950ರ ದಶಕದಲ್ಲಿ ತೋರಿಸಿಕೊಟ್ಟರು. 1961ರ ಮಾದರಿಯಿಂದ ಕ್ಯಾಲಿಫೋರ್ನಿಯದ ಹೊಸ ಕಾರುಗಳಲ್ಲಿ ಈ ಅನಿಲವನ್ನು ಎಂಜಿನ್ನಿಗೇ ಮರಳಿಸಿ ಉರಿಸುವ ಏರ್ಪಾಡು ಬಂತು. ಈಗ ಎಲ್ಲೆಡೆ ಇದೇ ಪದ್ಧತಿ.

ಗಾಳಿಗೆ ಇದು ಒಳ್ಳೆಯದೇ. ಆದರೆ ಅನಿಲದ ಜತೆ ಹೋಗುವ ಎಣ್ಣೆ ಗಾಳಿಯ ಕೊಳವೆಯಲ್ಲಿ, ಇನ್‌ಲೆಟ್ ವಾಲ್ವುಗಳ ಮೇಲೆ ಜಿಡ್ಡಾಗಿ ಕೂರುತ್ತದೆ. ಪೆಟ್ರೋಲು ನೇರವಾಗಿ ಸಿಲಿಂಡರಿಗೇ ಚಿಮ್ಮುವ ಹೊಸ ಎಂಜಿನ್ನುಗಳಲ್ಲಿ ವಾಲ್ವುಗಳನ್ನು ತೊಳೆಯಲು ಪೆಟ್ರೋಲೂ ಇಲ್ಲದ್ದರಿಂದ ಮಸಿ ಇನ್ನೂ ಗಟ್ಟಿಯಾಗುತ್ತದೆ. ದಾರಿಯ ನಡುವೆಯೇ ಎಣ್ಣೆಯನ್ನು ತಡೆದು ಹಿಡಿಯುವ ಡಬ್ಬಿಯೇ ‘ಆಯಿಲ್ ಕ್ಯಾಚ್ ಟ್ಯಾಂಕ್’.

ಇದರ ಹಿಂದಿನ ವಿಜ್ಞಾನ ಅಡುಗೆಮನೆಯಲ್ಲೇ ಇದೆ. ಕುದಿಯುವ ಪಾತ್ರೆಯ ಮುಚ್ಚಳಕ್ಕೆ ಆವಿ ತಗುಲಿ ಹನಿಯಾಗುವುದಿಲ್ಲವೇ? ಕಿರಿದಾದ ಕೊಳವೆಯಿಂದ ಅಗಲವಾದ ಡಬ್ಬಿಗೆ ಬಂದ ಅನಿಲದ ವೇಗ ತಗ್ಗುತ್ತದೆ, ಬಿಸಿಯೂ ಇಳಿಯುತ್ತದೆ. ಅಡ್ಡ ಇಟ್ಟ ಜಾಲರಿಯನ್ನು ಅನಿಲ ಸುತ್ತಿಕೊಂಡು ಸಾಗುತ್ತದೆ. ಭಾರವಾದ ಹನಿಗಳು ತಿರುಗಲಾರದೆ ಅದಕ್ಕೆ ಬಡಿದು ಕೆಳಗಿಳಿಯುತ್ತವೆ.

ಮೂರಂಗುಲ ವ್ಯಾಸದ ಲೋಹದ ಕೊಳವೆಯ ತುಂಡಿಗೆ ಎರಡೂ ಕಡೆ ಮುಚ್ಚಳ ಬೆಸೆಸಿದರೆ ಡಬ್ಬಿ ಸಿದ್ಧ. ಅರ್ಧ ಲೀಟರ್ ಹಿಡಿದರೆ ಸಣ್ಣ ಕಾರಿಗೆ ಸಾಕು. ಒಳಬರುವ ನಳಿಕೆ ಡಬ್ಬಿಯ ಅರ್ಧದವರೆಗೆ ಇಳಿದಿರಲಿ; ಹೊರಹೋಗುವ ನಳಿಕೆ ಮೇಲ್ತುದಿಯಲ್ಲೇ ಇರಲಿ. ನಡುವೆ ತೂತಿನ ತಗಡುಗಳ ಮಧ್ಯೆ ಸ್ಟೇನ್‌ಲೆಸ್ ಜಾಲರಿ ಬಿಗಿಯಿರಿ. ಪಾತ್ರೆ ತಿಕ್ಕುವ ಸಣ್ಣ ಉಕ್ಕಿನ ನಾರು ಬೇಡ; ಎಳೆ ಕಿತ್ತು ಎಂಜಿನ್ನಿನೊಳಗೆ ಹೋದೀತು. ತಳದಲ್ಲಿ ಎಣ್ಣೆ ಇಳಿಸಲು ಒಂದು ನಲ್ಲಿ ಇರಲಿ. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ಪರೀಕ್ಷಿಸುವಂತೆ ಡಬ್ಬಿಯನ್ನು ನೀರಲ್ಲಿ ಮುಳುಗಿಸಿ ಊದಿ ನೋಡಿ, ಗುಳ್ಳೆ ಬರಬಾರದು. ಬಳಿಕ ಪೂರ್ತಿ ಒಣಗಿಸಿ.

ಅಳವಡಿಸುವಾಗ ಮೂರು ಎಚ್ಚರ. ಹೊಸ ಪೈಪಿನ ಒಳ ವ್ಯಾಸ ಮೂಲ ಪೈಪಿಗಿಂತ ಕಿರಿದಾಗಿರಬಾರದು. ಎಣ್ಣೆ, ಬಿಸಿ ಎರಡನ್ನೂ ತಡೆಯುವ ರಬ್ಬರ್ ಪೈಪೇ ಬೇಕು. ತೋಟದ ಪೈಪು ಮೆತ್ತಗಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ. ಡಬ್ಬಿ ಎಕ್ಸಾಸ್ಟ್ ಕೊಳವೆಯಿಂದಲೂ ಫ್ಯಾನ್ ಬೆಲ್ಟಿನಿಂದಲೂ ದೂರವಿರಲಿ; ಬಿಸಿ ಲೋಹದ ಮೇಲೆ ಎಣ್ಣೆ ಸೋರಿದರೆ ಬೆಂಕಿಯ ಭಯ.

ಡಬ್ಬಿಯಿಂದ ಹೊರಟ ಅನಿಲ ಎಂಜಿನ್ನಿಗೇ ಮರಳಬೇಕು. ರೇಸು ಕಾರುಗಳಲ್ಲಿ ಟ್ರ್ಯಾಕಿನ ಮೇಲೆ ಎಣ್ಣೆ ಚೆಲ್ಲದಿರಲೆಂದು ಇಂಥ ಡಬ್ಬಿಯ ನಿಯಮವಿದೆ. ಅದನ್ನು ನೋಡಿ ಕೊಳವೆಯನ್ನು ಹೊರಕ್ಕೆ ಬಿಟ್ಟರೆ 1961ಕ್ಕಿಂತ ಹಿಂದಕ್ಕೆ ಹೋದಂತೆ. ಮೂಲ ವಿನ್ಯಾಸ ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಮಿತಿಯೂ ಇದೆ. ಆದ್ದರಿಂದ ಮೊದಲು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ. ವಾರಂಟಿ ಇರುವ ಕಾರಿಗೆ ಕೈ ಹಾಕದಿರುವುದೇ ಲೇಸು.

ಸಾವಿರ ಕಿಲೋಮೀಟರಿಗೊಮ್ಮೆ ನಲ್ಲಿ ತಿರುಗಿಸಿ ನೋಡಿ. ಮಳೆಗಾಲದಲ್ಲಿ ಬೆಣ್ಣೆಯಂಥ ಬಿಳಿ ಜಿಡ್ಡು ಬಂದರೆ ಗಾಬರಿ ಬೇಡ; ಅದು ಸಾಮಾನ್ಯವಾಗಿ ನೀರು, ಎಣ್ಣೆ ಬೆರೆತದ್ದು. ಬೇಸಿಗೆಯಲ್ಲೂ ಹಾಗೇ ಬಂದು, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಿ. ಡಬ್ಬಿ ಬೇಗ ಬೇಗ ತುಂಬಿ, ಸೈಲೆನ್ಸರಿನಲ್ಲಿ ನೀಲಿ ಹೊಗೆಯೂ ಕಂಡರೆ ರಿಂಗು ಸವೆದಿರಬಹುದು. ಕಂಪ್ರೆಶನ್ ಪರೀಕ್ಷೆ ಮಾಡಿಸಿ. ಡಬ್ಬಿ ರೋಗವನ್ನು ತೋರಿಸುತ್ತದೆ, ವಾಸಿ ಮಾಡುವುದಿಲ್ಲ. ಇಳಿಸಿದ ಎಣ್ಣೆಯನ್ನು ಚರಂಡಿಗೆ ಸುರಿಯದೆ, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಟ್ಟುಬಿಡಿ.