ಹಗಲಲ್ಲಿ ಹಾರುವ ಮರುಭೂಮಿ ಪತಂಗ

ವಿದ್ಯಾರ್ಥಿಗಳೇ, ಹಗಲು ಹಾರೋದು ಚಿಟ್ಟೆ, ರಾತ್ರಿ ಹಾರೋದು ಪತಂಗ ಅಂತ ನಾವು ಸಾಮಾನ್ಯವಾಗಿ ಹೇಳುತ್ತೇವೆ. ಇದಕ್ಕೆ ಹೊರತಾದ ಒಂದು ಪತಂಗ ಅಮೆರಿಕದ ಮೊಹಾವಿ ಮರುಭೂಮಿಯಲ್ಲಿದೆ. ಹೆಸರು ಫೇಟನ್ ಪ್ರಿಮ್‌ರೋಸ್ ಸ್ಫಿಂಕ್ಸ್. ಫೇಟನ್ ಎಂದರೆ ಗ್ರೀಕ್ ಕಥೆಗಳಲ್ಲಿ ಸೂರ್ಯನ ಮಗ. ರೆಕ್ಕೆ ಬಿಚ್ಚಿದರೆ ಅಗಲ ಸುಮಾರು 4 ಸೆಂ.ಮೀ. ಅಷ್ಟೇ. ನೆಲಕ್ಕೆ ಹತ್ತಿರವಾಗಿ, ಬಲು ವೇಗವಾಗಿ ಹಾರುತ್ತದೆ. ನಡುನಡುವೆ ಮರಳಿನ ಮೇಲೆ ಕೂತು ಬಿಸಿಲು ಕಾಯಿಸಿಕೊಳ್ಳುತ್ತದೆ.

ಬಿಸಿಲು ಯಾಕೆ ಬೇಕು? ಸ್ಫಿಂಕ್ಸ್ ಪತಂಗಗಳ ದೇಹ ದಪ್ಪ. ಹಾರಬೇಕಾದರೆ ಎದೆಯ ಸ್ನಾಯುಗಳು ಚೆನ್ನಾಗಿ ಬಿಸಿಯಾಗಬೇಕು. ರಾತ್ರಿ ಹಾರುವ ಜಾತಿಗಳು ಹಾರುವ ಮುಂಚೆ ರೆಕ್ಕೆ ನಡುಗಿಸಿ ಮೈ ಬಿಸಿ ಮಾಡಿಕೊಳ್ಳುತ್ತವೆ. ಆದರೆ ನಮ್ಮ ಈ ಪತಂಗ ಹಾರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಆಗ ಮರುಭೂಮಿಯ ರಾತ್ರಿ ಕೊರೆಯುವ ಚಳಿ. ಹಗಲಲ್ಲಾದರೆ ಬಿಸಿಲೂ ಮರಳೂ ಪುಕ್ಕಟೆ ಶಾಖ ಕೊಡುತ್ತವೆ!

ಹಾಗಾದರೆ ಬೇಸಿಗೆ ಬರುವ ತನಕ ಕಾಯಬಾರದೇ? ಕಾದರೆ ಮರಿಹುಳುವಿಗೆ ಊಟವಿಲ್ಲ. ಅದು ತಿನ್ನುವುದು ಈವನಿಂಗ್ ಪ್ರಿಮ್‌ರೋಸ್ ಕುಟುಂಬದ ಪುಟ್ಟ ಗಿಡಗಳನ್ನು. ಚಳಿಗಾಲದ ಮಳೆಗೆ ಮೊಳೆತ ಈ ಗಿಡಗಳು ಬೇಸಿಗೆ ಬರುವಷ್ಟರಲ್ಲಿ ಒಣಗಿಹೋಗುತ್ತವೆ. ಅಷ್ಟರೊಳಗೆ ಮೊಟ್ಟೆಯೊಡೆದು ಹುಳು ಬೆಳೆದು ಮಣ್ಣು ಸೇರಬೇಕು. ಅಲ್ಲಿ ಪ್ಯೂಪ ಆಗಿ ಮುಂದಿನ ವಸಂತಕ್ಕೆ ಕಾಯುತ್ತದೆ.

ಹೀಗೆ ಒಂದೇ ಬಗೆಯ ಗಿಡ, ಕೆಲವೇ ವಾರಗಳ ಕಾಲ ನಂಬಿ ಬದುಕುವುದರಲ್ಲಿ ಅಪಾಯವೂ ಇದೆ. ಇದರ ಹತ್ತಿರದ ಸಂಬಂಧಿ ಕೆರ್ನ್ ಪ್ರಿಮ್‌ರೋಸ್ ಸ್ಫಿಂಕ್ಸ್ ಅಳಿದೇಹೋಯಿತು ಎಂದು ವಿಜ್ಞಾನಿಗಳು ಭಾವಿಸಿದ್ದರು. 1974ರಲ್ಲಿ ಕ್ಯಾಲಿಫೋರ್ನಿಯಾದ ವಾಕರ್ ಬೇಸಿನ್ ಎಂಬಲ್ಲಿ ಮತ್ತೆ ಸಿಕ್ಕಿತು. 1980ರಲ್ಲಿ ಅಮೆರಿಕ ಸರ್ಕಾರ ಅದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಇಂಥ ಪತಂಗವನ್ನು ಉಳಿಸಬೇಕೆಂದರೆ ಪತಂಗವನ್ನು ಕಾದರೆ ಸಾಲದು. ಅದು ತಿನ್ನುವ ಗಿಡವೂ ಉಳಿಯಬೇಕು, ಪ್ಯೂಪ ಮಲಗಿರುವ ಮಣ್ಣೂ ಉಳಿಯಬೇಕು.

ಈ ಕುಟುಂಬದ ಹಗಲು ಪತಂಗಗಳು ನಮ್ಮಲ್ಲೂ ಇವೆ. ಕಾಸರಗೋಡಿನವರು ಕೇಪಳದ ಹೂವಿನ ಹತ್ತಿರ, ವಯನಾಡು, ನೀಲಗಿರಿಯವರು ಕಾಫಿ ತೋಟದ ಅಂಚಿನಲ್ಲಿ ಗಮನಿಸಿ. ಹೂವಿನ ಮುಂದೆ ಗಾಳಿಯಲ್ಲೇ ನಿಂತು, ಉದ್ದನೆಯ ಹೀರುಕೊಳವೆಯಿಂದ ಮಕರಂದ ಹೀರುವ ಕೀಟ ಕಂಡರೆ ಹಿಡಿಯಬೇಡಿ. ಎಷ್ಟು ಗಂಟೆ, ಬಿಸಿಲಿತ್ತೇ ಮೋಡವಿತ್ತೇ, ಯಾವ ಹೂ ಎಂದು ಬರೆದಿಡಿ. ಒಂದು ತಿಂಗಳು ಬರೆದರೆ ಅದಕ್ಕೆ ಯಾವ ಹೊತ್ತು ಇಷ್ಟ ಎಂಬುದು ನಿಮಗೇ ಗೊತ್ತಾಗುತ್ತದೆ.