ಮಕ್ಕಳ ಜೊತೆ ಸಕಲೇಶಪುರದ ಬೆಟ್ಟ ಹತ್ತಬಹುದೇ?

ಪ್ರಶ್ನೆ: ನಮ್ಮ ಮಕ್ಕಳಿಗೆ ಐದು ಮತ್ತು ಎಂಟು ವರ್ಷ. ಸಕಲೇಶಪುರ, ಆಲೂರು ಕಡೆ ಬೆಟ್ಟ ಹತ್ತಿಸುವ ಆಸೆಯಿದೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಖಂಡಿತ ಹತ್ತಿಸಿ. ಮೊದಲ ಸಲಕ್ಕೆ ಮಂಜರಾಬಾದ್ ಕೋಟೆಯೇ ಸರಿ. ಸಕಲೇಶಪುರ ಪೇಟೆಯಿಂದ ಮಂಗಳೂರು ರಸ್ತೆಯಲ್ಲಿ ಕೆಲವೇ ಕಿಲೋಮೀಟರ್. ಸುಮಾರು 250 ಮೆಟ್ಟಿಲು. ಪುಟ್ಟ ಕಾಲುಗಳಿಗೂ ಹೊರೆಯಾಗದು. ಟಿಪ್ಪು ಸುಲ್ತಾನ್ 1792ರಲ್ಲಿ ಕಟ್ಟಿಸಿದ ಈ ಕೋಟೆ ಎಂಟು ಮೂಲೆಯ ನಕ್ಷತ್ರದಂತಿದೆ. ಮೂಲೆಗಳನ್ನು ಎಣಿಸುವ ಕೆಲಸ ಮಕ್ಕಳಿಗೆ ಕೊಡಿ, ಆಯಾಸ ಮರೆಯುತ್ತಾರೆ. ಗೋಡೆಯ ಅಂಚಿನಲ್ಲಿ ಮಾತ್ರ ಕೈ ಬಿಡಬೇಡಿ.

ಹೋಗಲು ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಲ್ಲು ಜಾರುತ್ತದೆ, ಇಂಬಳದ ಕಾಟವೂ ಹೆಚ್ಚು. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಇಂಬಳ ಕಚ್ಚಿದ್ದರೆ ಎಳೆಯಬೇಡಿ. ಅದರ ಬಾಯಿಯ ಬಳಿ ಚರ್ಮಕ್ಕೆ ಒತ್ತಿ ಉಗುರು ಸರಿಸಿ, ಬಿಡುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶವಿರುವುದರಿಂದ ರಕ್ತ ಸ್ವಲ್ಪ ಹೊತ್ತು ಒಸರುತ್ತದೆ. ಸೋಪುನೀರಿನಲ್ಲಿ ತೊಳೆದು ಬಟ್ಟೆ ಒತ್ತಿ ಹಿಡಿಯಿರಿ, ಗಾಬರಿ ಬೇಡ.

ನಿಜವಾಗಿ ಎಚ್ಚರವಹಿಸಬೇಕಾದದ್ದು ಕಾಡಾನೆ ವಿಷಯದಲ್ಲಿ. ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ಆನೆ ಹಿಂಡುಗಳ ಓಡಾಟ ನಿತ್ಯದ ಮಾತು. ತೋಟದ ಕಾಲುದಾರಿಯಲ್ಲಿ ಅಡ್ಡದಾರಿ ಹಿಡಿಯಬೇಡಿ. ಊರಿನವರನ್ನು, ಅರಣ್ಯ ಸಿಬ್ಬಂದಿಯನ್ನು ಕೇಳಿಯೇ ಹೆಜ್ಜೆಯಿಡಿ. ಬೆಳಕು ಹರಿದ ಮೇಲೆ ಹೊರಟು, ಸಂಜೆಗೆ ಮೊದಲೇ ಇಳಿದುಬಿಡಿ. ಮಗು ಸಾಕೆಂದರೆ ಅಲ್ಲಿಂದಲೇ ಹಿಂತಿರುಗಿ. ಬೆಟ್ಟ ಮುಂದಿನ ವರ್ಷವೂ ಇರುತ್ತದೆ.