ಬೈರಾಸು ಸುತ್ತಿದ ಕೋವಿ

ಕೋಟೇಶ್ವರದ ಕೊಡಿ ಹಬ್ಬದಲ್ಲಿ ರಥ ಎಳೆದು ಮುಗಿದ ಮೇಲೂ ಜನ ಕರಗುವುದಿಲ್ಲ. ವೃಶ್ಚಿಕ ಮಾಸದ ಹುಣ್ಣಿಮೆ. ಕೋಟಿತೀರ್ಥ ಕೆರೆಗೆ ಸುತ್ತಕ್ಕಿ ಹಾಕಿ ಬಂದ ಹೊಸ ಜೋಡಿಗಳ ಕೈಯಲ್ಲಿ ಕಬ್ಬಿನ ಕೊಡಿ. ಅದರ ಗರಿ ಹಿಂದಿನವರ ಕಣ್ಣಿಗೆ ತಾಗದ ಹಾಗೆ ನೆಟ್ಟಗೆ ಎತ್ತಿ ಹಿಡಿದು ನಡೆಯುವ ಗಂಡಂದಿರ ಮುಖದಲ್ಲಿ ಕಾವಲುಗಾರನ ಗಾಂಭೀರ್ಯ. ಬೆಲ್ಲದ ಮಿಠಾಯಿ, ಚುರುಮುರಿಯ ಈರುಳ್ಳಿ, ತೊಟ್ಟಿಲಿನ ಜನರೇಟರಿನ ಹೊಗೆ. ಇವುಗಳ ನಡುವೆ ಒಂದು ಹಲಗೆಗೆ ಬಲೂನು ಸಿಕ್ಕಿಸಿಟ್ಟ ಅಂಗಡಿ, ಮುಂದಿನ ಮೇಜಿನ ಮೇಲೆ ಎರಡು ಏರ್‌ಗನ್ನು.

ಜಾತ್ರೆಯ ಏರ್‌ಗನ್ನಿಗೆ ನಮ್ಮಲ್ಲಿ ಒಂದು ಖ್ಯಾತಿ ಇದೆ: ಅದರ ನಳಿಗೆ ಸೊಟ್ಟ. ಬಲೂನು ತಪ್ಪಿಸಿಕೊಂಡ ಪ್ರತಿಯೊಬ್ಬನೂ ಕೋವಿ ಕೆಳಗಿಡುವಾಗ ಹೇಳುವ ಮಾತು ಇದು. ನಾನೂ ಹತ್ತು ಗುಂಡಿನಲ್ಲಿ ಎರಡು ಬಲೂನು ಒಡೆದು ಅದನ್ನೇ ಹೇಳಿದೆ. ಪಕ್ಕದಲ್ಲಿದ್ದವಳು ನನ್ನ ದೊಡ್ಡಪ್ಪಯ್ಯನ ಮಗಳ ಮಗಳು. ಬೆಂಗಳೂರಿನಲ್ಲಿ ಕೆಲಸ, ಎರಡು ವರ್ಷದಿಂದ ಭಾನುವಾರಗಳನ್ನು ಶೂಟಿಂಗ್ ರೇಂಜಿನಲ್ಲಿ ಕಳೆಯುವ ಹುಚ್ಚು. ಅವಳು ಕೋವಿ ಎತ್ತಿಕೊಂಡು ನಳಿಗೆಯತ್ತ ನೋಡಲೇ ಇಲ್ಲ. ಹಿಂಬದಿಯ ಮರವನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ನಳಿಗೆ ಸರಿ ಇತ್ತ್ ಮಾವ. ಮರ ಗಿಡ್ಡ. ನೀವು ಕುತ್ತಿಗೆ ಬಗ್ಗಿಸಿ ಕೆನ್ನೆ ತಕಂಡ್ ಹೋಯ್ ಅದಕ್ಕೆ ಇಡ್ತ್ರಿ.”

ಆಮೇಲೆ ಅಲ್ಲೇ, ಜನರ ತಳ್ಳಾಟದ ನಡುವೆ, ನನ್ನ ಕಣ್ಣಿನ ಪರೀಕ್ಷೆಯೂ ಆಯಿತು. ಎರಡೂ ಕಣ್ಣು ತೆರೆದು ರಥದ ತುದಿಯ ಕಲಶಕ್ಕೆ ಬೆರಳು ತೋರಿಸಬೇಕು. ಹಾಗೇ ಇಟ್ಟು ಎಡಗಣ್ಣು ಮುಚ್ಚಬೇಕು. ಮುಚ್ಚಿದ್ದೇ ತಡ, ನನ್ನ ಬೆರಳು ಕಲಶ ಬಿಟ್ಟು ಪಕ್ಕದ ಪತಾಕೆಗೆ ಹಾರಿತು. ಅಂದರೆ ನಾನು ಬಲಗೈಯವನಾದರೂ ನನ್ನ ಯಜಮಾನಿಕೆ ಎಡಗಣ್ಣಿನದು. ಐವತ್ತೆರಡು ವರ್ಷ ಈ ಮನೆಯಲ್ಲಿ ಯಾರು ಯಜಮಾನರೆಂದೇ ಗೊತ್ತಿರಲಿಲ್ಲ. ಇಂಥವರು ಬಲ ಹೆಗಲಿನಿಂದ ಎರಡೂ ಕಣ್ಣು ತೆರೆದು ಹಾರುವ ಗುರಿಗೆ ಹೊಡೆದರೆ ಈಡು ಎಡಕ್ಕೆ ಹೋಗುತ್ತದಂತೆ. ಕನ್ನಡಕದ ಎಡ ಗಾಜಿಗೆ ಚೂರು ಟೇಪು ಅಂಟಿಸಬೇಕು, ಇಲ್ಲವೇ ಎಡ ಹೆಗಲಿಗೆ ಕಲಿಯಬೇಕು.

ಅವಳು ಹೊಡೆಯುವುದು ಬಲೂನಿಗಲ್ಲ, ‘ಮಣ್ಣಿನ ಪಾರಿವಾಳ’ಕ್ಕೆ. ಹೆಸರಿಗಷ್ಟೇ ಮಣ್ಣು, ಹೆಸರಿಗಷ್ಟೇ ಪಾರಿವಾಳ. ಹತ್ತೊಂಬತ್ತನೇ ಶತಮಾನದಲ್ಲಿ ಗೂಡಿನಿಂದ ಜೀವಂತ ಪಾರಿವಾಳ ಬಿಟ್ಟು ಹೊಡೆಯುವ ಪಂದ್ಯವಿತ್ತು. 1900ರ ಪ್ಯಾರಿಸ್ ಕ್ರೀಡಾಕೂಟದಲ್ಲೂ ಹಾಗೇ ಹೊಡೆದರು. ಅದರ ಬದಲಿಗೆ 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೌಸ್ಕಿ ಮಣ್ಣು ಸುಟ್ಟು ಹಾರುವ ಬಿಲ್ಲೆ ಮಾಡಿದ. ಸುಟ್ಟದ್ದು ಹೆಚ್ಚಾಗಿ, ಚರೆ ತಾಗಿದರೂ ಒಡೆಯದೆ ಠಣ್ಣೆನ್ನುತ್ತಿತ್ತಂತೆ. ಹಂಚಿನ ಕಾರ್ಖಾನೆಗಳ ಊರಾದ ಕುಂದಾಪುರದವರಿಗೆ ಈ ತೊಂದರೆ ಬಿಡಿಸಿ ಹೇಳಬೇಕಿಲ್ಲ. ಚೆನ್ನಾಗಿ ಬೆಂದ ಹಂಚನ್ನು ಬೆರಳ ಗೆಣ್ಣಿನಲ್ಲಿ ತಟ್ಟಿ ಕೇಳಿದವರು ನಾವು. ಈಗಿನ ಬಿಲ್ಲೆ ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟು ಬೆರೆಸಿ ಅಚ್ಚು ಹೊಯ್ದದ್ದು. ಅಗಲ 110 ಮಿಲಿಮೀಟರ್, ತೂಕ 105 ಗ್ರಾಂ. ನಮ್ಮ ಕಡೆಯ ಗೋಳಿಬಜೆ ತಟ್ಟೆಗಿಂತ ಚಿಕ್ಕದು. ಟ್ರ್ಯಾಪ್ ಪಂದ್ಯದಲ್ಲಿ ಅದು ಹೊಂಡದೊಳಗಿನ ಯಂತ್ರದಿಂದ ಎದ್ದು ದೂರ ದೂರ ಓಡುತ್ತದೆ. ಹೊಡೆಯುವವರಿಗೆ ಸಿಗುವುದು ಒಂದು ಸೆಕೆಂಡಿಗೂ ಕಡಿಮೆ ಹೊತ್ತು.

ಆ ಹೊತ್ತಿನಲ್ಲಿ ಗುರಿ ಹಿಡಿಯಲು ಪುರುಸೊತ್ತೆಲ್ಲಿ? ಹಿಡಿಯಲು ಸಾಧನವೂ ಇಲ್ಲ. ರೈಫಲಿಗೆ, ಜಾತ್ರೆಯ ಏರ್‌ಗನ್ನಿಗೂ, ಮುಂದೊಂದು ಹಿಂದೊಂದು ಗುರಿಕಿಂಡಿ ಇರುತ್ತದೆ. ಚರೆ ಹಾರಿಸುವ ಕೋವಿಗೆ ತುದಿಯಲ್ಲೊಂದು ಗುಂಡುಮಣಿ ಬಿಟ್ಟರೆ ಹಿಂದೆ ಏನೂ ಇಲ್ಲ. ಹಿಂದಿನ ಗುರಿಕಿಂಡಿ ಎಂದರೆ ಹೊಡೆಯುವವನ ಕಣ್ಣೇ. ಆ ಕಣ್ಣು ಎಲ್ಲಿ ನಿಲ್ಲುತ್ತದೆ ಎನ್ನುವುದು ಕೆನ್ನೆ ಮರದ ಮೇಲೆ ಎಲ್ಲಿ ಕೂರುತ್ತದೆ ಎನ್ನುವುದರ ಮೇಲೆ. ಲೆಕ್ಕ ಸರಳ: ಕಣ್ಣಿನಿಂದ ನಳಿಗೆಯ ತುದಿಗೆ ಸುಮಾರು ಒಂದು ಗಜ. ಕೆನ್ನೆಯಡಿಯಲ್ಲಿ ಒಂದಂಗುಲದ ಹದಿನಾರನೇ ಒಂದು ಪಾಲು ಹೆಚ್ಚುಕಡಿಮೆಯಾದರೆ, 16 ಗಜದಾಚೆ ಈಡು ಒಂದಂಗುಲ ಸರಿಯುತ್ತದೆ. ಕೆನ್ನೆಯಡಿಯ ಆ ವ್ಯತ್ಯಾಸ ಒಂದು ರೂಪಾಯಿ ನಾಣ್ಯದ ದಪ್ಪದಷ್ಟು.

ಮರುದಿನ ನಾವಿಬ್ಬರೂ ಬೈಂದೂರಿನಾಚೆ, ಕೊಲ್ಲೂರಿನ ದಾರಿಯಲ್ಲಿ ಘಟ್ಟದ ಬುಡಕ್ಕಿರುವ ದೊಡ್ಡಪ್ಪಯ್ಯನ ಮನೆಯಲ್ಲಿದ್ದೆವು. ಅಡಿಕೆ ಅಂಗಳದಲ್ಲಿ ಒಣಗುತ್ತಿತ್ತು. ತೋಟದ ತುದಿಯ ತೆಂಗಿನ ಮರದಲ್ಲಿ ಮಂಗಗಳು ಎಳನೀರಿನ ಲೆಕ್ಕ ಮಾಡುತ್ತಿದ್ದವು. ಈ ಸೀಮೆಯ ಕೋವಿಗಳು ಇರುವುದೇ ಅವಕ್ಕಾಗಿ, ಹಂದಿಗಾಗಿ, ಈಚೆಗೆ ನವಿಲಿಗಾಗಿ. ಅದೂ ಸದ್ದು ಮಾಡಿ ಓಡಿಸಲು ಮಾತ್ರ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯ ಮಾತು ಜಗಲಿಯ ಕತೆಯಾಗಿ ಉಳಿಯಿತು. 1959ರ ಶಸ್ತ್ರ ಕಾಯ್ದೆಯೇ ಬೆಳೆ ಕಾಯುವ ಕೋವಿಯನ್ನು ಬೇರೆಯಾಗಿ ಹೆಸರಿಸಿದೆ, ಮದ್ದು ತುಂಬುವ ಕೇಪಿನ ಕೋವಿ ಎಂದು. ದೊಡ್ಡಪ್ಪಯ್ಯನದು ಒಂಟಿ ನಳಿಗೆಯ ತೋಟೆ ಕೋವಿ, ಹನ್ನೆರಡರ ಬೋರು. ಅವರ ಅಪ್ಪಯ್ಯನಿಂದ ಬಂದದ್ದು. ಲೈಸೆನ್ಸು ಇವರ ಹೆಸರಿಗಾಯಿತು, ಮರ ಮಾತ್ರ ಅವರ ಮೈಯಳತೆಗೇ ಉಳಿಯಿತು.

ಆ ಅಪ್ಪಯ್ಯ ಗಿಡ್ಡ ಮನುಷ್ಯರು. ದೊಡ್ಡಪ್ಪಯ್ಯ ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ, ಕೊಕ್ಕರೆಯ ಕುತ್ತಿಗೆ. ಮರ ಗಿಡ್ಡವಾದ್ದರಿಂದ ಈಡು ಹೊಡೆದಾಗಲೆಲ್ಲ ಅವರ ಹೆಬ್ಬೆರಳು ಅವರದೇ ಮೂಗಿಗೆ ಗುದ್ದುತ್ತದೆ. ನಲವತ್ತು ವರ್ಷದಿಂದ ಅದನ್ನು ಅವರು ಕೋವಿಯ ಸ್ವಭಾವವೆಂದೇ ತಿಳಿದಿದ್ದರು. ಗುದ್ದಿಗೆ ಹೆದರಿ, ಒದೆಯುವ ಹಸುವಿನ ಹಾಲು ಕರೆಯುವವರಂತೆ ತಲೆ ಮೇಲೆತ್ತಿ ಹೊಡೆಯುವುದು ರೂಢಿ. ಮಂಗಗಳಿಗೂ ಅದು ರೂಢಿಯಾಗಿತ್ತು.

“ಕೋವಿ ಹಿಡುಕೆ ಎಂತ ಶಾಲೆಗ್ ಹೋಯ್ಕಾ?” ಎಂದರು, ಮೊಮ್ಮಗಳು ವಿಷಯ ತೆಗೆದಾಗ.

ಅವಳು ತೋಟೆಗಳನ್ನೆಲ್ಲ ಒಳಗಿನ ಪೆಟ್ಟಿಗೆಗೆ ಹಾಕಿಸಿ, ನಳಿಗೆ ಮಡಚಿ ತೆರೆದು ಬೆಳಕಿಗೆ ಹಿಡಿದು, ಅಜ್ಜನಿಗೂ ನನಗೂ ಒಳಗೆ ಖಾಲಿ ಎಂದು ತೋರಿಸಿದಳು. ಆಮೇಲೆ ಗೋಡೆಯ ಕನ್ನಡಿಯ ಎದುರು ಅಜ್ಜನನ್ನು ನಿಲ್ಲಿಸಿದಳು. ಕಣ್ಣು ಮುಚ್ಚಿ ಕೋವಿ ಎತ್ತಿ, ಕೆನ್ನೆಗೆ ತಂದು, ಆಮೇಲೆ ಕಣ್ಣು ತೆರೆಯಬೇಕು. ಮರ ಮೈಗೆ ಸರಿಯಿದ್ದರೆ ಕಣ್ಣಪಾಪೆ ನಳಿಗೆಯ ಮೇಲೆ ಸೂರ್ಯನ ಹಾಗೆ ಕೂತಿರಬೇಕು.

“ಎಂತ ಕಾಣ್ತ್ ಅಜ್ಜಯ್ಯ?”

“ಎಂತ ಕಾಣ್ತಿಲ್ಲೆ. ಬರೀ ಕಬ್ಬಿಣ.”

ಕೆನ್ನೆ ಒತ್ತಿದರೆ ಕಣ್ಣು ನಳಿಗೆಯ ಹಿಂದೆ ಮುಳುಗುತ್ತಿತ್ತು. ಕಾಣಲೆಂದು ತಲೆ ಎತ್ತಿದರೆ ಈಡು ಗುರಿಯ ಮೇಲಿಂದ ಹಾರಿ ಹೋಗುತ್ತಿತ್ತು. ಮದ್ದು ಮನೆಯಲ್ಲೇ ಸಿಕ್ಕಿತು. ಹಗ್ಗದ ಮೇಲಿದ್ದ ಹಳೆಯ ಬೈರಾಸನ್ನು ಉದ್ದಕ್ಕೆ ಮಡಚಿ, ಕೆನ್ನೆ ಕೂರುವ ಜಾಗಕ್ಕೆ ಸುತ್ತಿ, ಕರೆಂಟಿನವರ ಕಪ್ಪು ಟೇಪು ಬಿಗಿದಳು. ಸವೆದ ಹವಾಯಿ ಚಪ್ಪಲಿಯಿಂದ ತುಂಡು ಕೊಯ್ದು, ಅಂಗುಲ ದಪ್ಪ ಬರುವ ಹಾಗೆ ಎರಡು ಪದರ ಮಾಡಿ ಮರದ ಹಿಂಬದಿಗೆ ಕಟ್ಟಿದಳು. ಇಂಗ್ಲೆಂಡಿನ ಕೋವಿ ಅಂಗಡಿಗಳಲ್ಲಿ ಇದಕ್ಕೆಂದೇ ಉದ್ದ, ತಗ್ಗು, ಓರೆ ಎಲ್ಲವನ್ನೂ ತಿರುಪಿನಲ್ಲಿ ಬದಲಿಸುವ ಅಳತೆಯ ಕೋವಿ ಇರುತ್ತದೆ. ದರ್ಜಿ ಅಳತೆ ತೆಗೆದ ಹಾಗೆ ತೆಗೆದು, ಅದರಂತೆ ಆಕ್ರೋಟಿನ ಮರ ಕೆತ್ತುತ್ತಾರೆ. ನಮ್ಮಲ್ಲಿ ಚಪ್ಪಲಿ ಸಾಕಾಯಿತು.

ಅಳತೆಗಿಂತ ಕಷ್ಟವಾದದ್ದು ಎತ್ತುವುದು. ಎಲ್ಲರೂ ಬಲಗೈಯಿಂದ ಮರವನ್ನು ಹೆಗಲಿಗೆ ಜಗ್ಗುತ್ತೇವೆ. ಆಗ ಹಿಂದೆ ಏರಿದಷ್ಟು ಮುಂದೆ ಇಳಿದು, ನಳಿಗೆ ಏತದ ಹಾಗೆ ತೂಗುತ್ತದೆ. ಮುಂದಿನ ಕೈ ಗುರಿಯತ್ತ ನಡೆಯಬೇಕು, ಹಿಂದಿನ ಕೈ ಅದನ್ನು ಹಿಂಬಾಲಿಸಬೇಕು. ಮರ ಮೊದಲು ಕೆನ್ನೆ ಮುಟ್ಟಬೇಕು, ಹೆಗಲು ಆಮೇಲೆ ತಾನಾಗಿ ಮುಂದೆ ಬಂದು ಕೂಡಿಕೊಳ್ಳಬೇಕು. ತೂಕ ಎಡಗಾಲಿನ ಮೇಲೆ ಚೂರು ಹೆಚ್ಚು. “ಕೋವಿ ಕೆನ್ನೆಗೆ ಬರ್ಕ್, ಕೆನ್ನೆ ಕೋವಿಗೆ ಹೋಪುಕಾಗ” ಎಂದು ಅವಳು ಹತ್ತು ಸಲ ಹೇಳಿರಬೇಕು.

ದೊಡ್ಡಪ್ಪಯ್ಯನಿಗೆ ಅದು ತಲೆಗೆ ಹೋದದ್ದು ಬೇರೆ ದಾರಿಯಲ್ಲಿ. ಬ್ರಹ್ಮಾವರದ ಬಳಿಯ ಹಾರಾಡಿ ಅವರ ಅಮ್ಮನ ತವರು. ಯಕ್ಷಗಾನದ ಬಡಗುತಿಟ್ಟಿನಲ್ಲಿ ಹಾರಾಡಿ, ಮಟಪಾಡಿ ಎಂಬ ಎರಡು ಶೈಲಿಗಳಿಗೆ ಹೆಸರು ಕೊಟ್ಟ ಊರುಗಳು ಅವು. ಚಿಕ್ಕವರಿದ್ದಾಗ ಚೌಕಿಯಲ್ಲಿ ಕೂತು ವೇಷ ಕಟ್ಟುವುದನ್ನು ನೋಡಿದ್ದರು. ಬಟ್ಟೆಯ ಅಟ್ಟೆ ಸುತ್ತಿ ಸುತ್ತಿ ಕೇದಗೆ ಮುಂದಲೆಯನ್ನು ಅವರವರ ತಲೆಗೆ ಆ ರಾತ್ರಿಗೆಂದೇ ಕಟ್ಟುತ್ತಾರೆ. ಸಡಿಲ ಕಟ್ಟಿಕೊಂಡವನು ಇಡೀ ರಾತ್ರಿ ಕುತ್ತಿಗೆ ಕಾಯುತ್ತಾನೆ, ಪದ ಕೇಳುವುದಿಲ್ಲ. “ಹಂಗಾರೆ ಇದ್ ವೇಷ ಕಟ್ಟುದೇ ಅಲ್ದಾ!” ಎಂದವರೇ ಕನ್ನಡಿ ಮುಂದೆ ಮತ್ತೆ ನಿಂತರು.

ರಾತ್ರಿ ಕರೆಂಟು ಹೋದಾಗ ಇನ್ನೊಂದು ಪಾಠ. ನಳಿಗೆಯ ಬಾಯಿಗೆ ಕಾಗದ ಸುತ್ತಿದ ಪುಟ್ಟ ಟಾರ್ಚು ಸಿಕ್ಕಿಸಿ, ಕೋವಿ ಎತ್ತುವಾಗ ಬೆಳಕಿನ ಚುಕ್ಕೆ ಮಾಡಿನ ರೀಪಿನ ಮೇಲೆ ತಪ್ಪದೆ ಓಡಬೇಕು. ಮೊದಮೊದಲು ಚುಕ್ಕೆ ಹಂಚಿನಿಂದ ಹಂಚಿಗೆ ಹಾರುವ ಕಪ್ಪೆ. ಜಗಲಿಯ ಬೆಕ್ಕು ಅದರ ಹಿಂದೆ ಬಿತ್ತು. ಐವತ್ತು ಸಲದ ಹೊತ್ತಿಗೆ ಅದು ರೀಪು ಹಿಡಿದು ನಡೆಯತೊಡಗಿತು, ಪಕಾಸು ದಾಟುವಲ್ಲಿ ಮಾತ್ರ ಕೊಂಚ ಎಡವುತ್ತಿತ್ತು. ಕತ್ತಲಲ್ಲಿ ದೊಡ್ಡಪ್ಪಯ್ಯನ ಉಸಿರು, ಬಟ್ಟೆಗೆ ಮರ ಉಜ್ಜುವ ಸಪ್ಪಳ, ಮೇಲೆ ಓಡುವ ಬೆಳಕು. ದೊಡ್ಡಮ್ಮ ಅಡುಗೆಮನೆಯಿಂದ ಊಟಕ್ಕೆ ಎರಡು ಸಲ ಕರೆದರು.

ಸ್ಕೀಟ್ ಎಂಬ ಪಂದ್ಯದಲ್ಲಿ ಈ ಎತ್ತುವಿಕೆಯೇ ಅರ್ಧ ಆಟ. ಟ್ರ್ಯಾಪಿನವರು ಕೋವಿಯನ್ನು ಮೊದಲೇ ಹೆಗಲಿಗಿಟ್ಟು ಬಿಲ್ಲೆ ಕರೆಯಬಹುದು. ಸ್ಕೀಟಿನವರು ಸೊಂಟದ ಬಳಿ, ಅಂಗಿಗೆ ಹೊಲಿದ ಪಟ್ಟಿಯ ಮಟ್ಟದಲ್ಲೇ ಇಟ್ಟುಕೊಂಡು ಕಾಯಬೇಕು. ಕರೆದ ಮೇಲೆ ಬಿಲ್ಲೆ ಕೂಡಲೇ ಬರಬಹುದು, ಮೂರು ಸೆಕೆಂಡು ಕಾಯಿಸಲೂಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸಿನ ಮಿಶ್ರ ಸ್ಕೀಟಿನಲ್ಲಿ ಮಹೇಶ್ವರಿ ಚೌಹಾಣ್, ಅನಂತಜೀತ್ ಸಿಂಗ್ ನರೂಕಾ ಜೋಡಿಗೆ ಕಂಚು ಕೈತಪ್ಪಿದ್ದು 43–44ರಲ್ಲಿ, ಒಂದೇ ಒಂದು ಬಿಲ್ಲೆಯಲ್ಲಿ.

ಮರುದಿನ ಬೆಳಿಗ್ಗೆ ದೊಡ್ಡಪ್ಪಯ್ಯ ತೋಟದಾಚೆಯ ಮಣ್ಣಿನ ಧರೆಗೆ ಹಳೆಯ ಪೇಪರು ಕಟ್ಟಿ, ನಡುವೆ ಇದ್ದಿಲಿನ ಬೊಟ್ಟಿಟ್ಟು, 16 ಗಜ ಅಳೆದು ನಿಂತರು. ಬೈರಾಸು ಬಿಚ್ಚಿ ಹೊಡೆದ ಈಡಿಗೆ ಚರೆ ಬೊಟ್ಟಿನ ಮೇಲೆ ಒಂದು ಗೇಣು ದೂರ ಕೂತಿತು, ಮೂಗು ಕೆಂಪಾಯಿತು. ಸುತ್ತಿ ಹೊಡೆದಾಗ ಬೊಟ್ಟೇ ಕಾಣೆ. ಅವರು ಪೇಪರಿನ ಹತ್ತಿರ ಹೋಗಿ ತೂತಿನಲ್ಲಿ ಬೆರಳಾಡಿಸುತ್ತಾ ತುಂಬ ಹೊತ್ತು ನಿಂತರು. ಹಿಂದಿನ ಗುರಿತಪ್ಪುಗಳ ಲೆಕ್ಕ ಹಾಕುತ್ತಿದ್ದರೋ ಏನೋ.

ನನಗೆ ಹೆಚ್ಚು ಕಾಡಿದ್ದು ಇನ್ನೊಂದು. ಹಿಂದಿನ ಸಂಜೆ, ಬೈರಾಸು ಕಟ್ಟುವ ಮೊದಲು, ಅವಳು ಖಾಲಿ ಕೋವಿಯನ್ನು ತಾನೇ ಒಮ್ಮೆ ಎತ್ತಿ ನೋಡಿದ್ದಳು. ಮುಚ್ಚಿದ ಕಣ್ಣು ತೆರೆದವಳು ಹಾಗೇ ನಿಂತುಬಿಟ್ಟಳು. ಕನ್ನಡಿಯಲ್ಲಿ ಕಣ್ಣಪಾಪೆ ನಳಿಗೆಯ ಮೇಲೆ ಸರಿಯಾಗಿ ಕೂತಿತ್ತು. ಅವಳು ಕಂಡೇ ಇರದ ಮುತ್ತಜ್ಜನ ತೋಳು, ಕುತ್ತಿಗೆ, ಕೆನ್ನೆಯ ಎಲುಬು, ಎಲ್ಲದರ ಅಳತೆಯೂ ಅವಳದೇ. ಆ ಮನೆಯಲ್ಲಿ ಅವರ ಫೋಟೊ ಕೂಡ ಇಲ್ಲ.

2024ರ ಲೋಕಸಭಾ ಚುನಾವಣೆ ಬಂತು. ಕುಂದಾಪುರ, ಬ್ರಹ್ಮಾವರದ ಕಡೆಯವರು ಏಪ್ರಿಲ್ 26ಕ್ಕೆ ವೋಟು ಹಾಕಿದರೆ, ಶಿವಮೊಗ್ಗ ಕ್ಷೇತ್ರಕ್ಕೆ ಸೇರಿದ ಬೈಂದೂರಿನವರಿಗೆ ಮೇ 7. ಅದಕ್ಕೂ ಬಹಳ ಮೊದಲೇ, ಪ್ರತಿ ಚುನಾವಣೆಯ ಹಾಗೆ, ಕೋವಿಗಳೆಲ್ಲ ಠಾಣೆ ಸೇರಿದವು. ಸಾಲಿನಲ್ಲಿ ನಿಂತವರೆಲ್ಲ ಮಂಗಗಳಿಗೆ ನೀತಿಸಂಹಿತೆ ಇಲ್ಲವಾ ಎಂಬ ಹಳೆಯ ತಮಾಷೆಯನ್ನೇ ಮಾಡುತ್ತಿದ್ದರು. ದೊಡ್ಡಪ್ಪಯ್ಯನ ಸರದಿ ಬಂದಾಗ ಬರೆದುಕೊಳ್ಳುವ ಪೊಲೀಸರು ಟೇಪಿಗೆ ಕೈ ಹಾಕಿದರು.

“ಇದ್ ಎಂತ ಮಾರ್ರೆ?”

“ಅದ್ ಬಿಚ್ಚುಕಾಗ” ಎಂದರು ದೊಡ್ಡಪ್ಪಯ್ಯ. “ಅದ್ ಕೋವಿದೇ.”

ರಶೀದಿಯನ್ನು ಮೊಮ್ಮಗಳಿಗೆ ಫೋನಿನಲ್ಲಿ ಕಳಿಸಿದ್ದರು, ಅವಳು ನನಗೆ ಕಳಿಸಿದಳು. ನೀಲಿ ಇಂಕಿನ ದುಂಡು ಅಕ್ಷರ: ಒಂಟಿ ನಳಿಗೆ ತೋಟೆ ಕೋವಿ, 1. ಬೈರಾಸು ಮತ್ತು ಚಪ್ಪಲಿ ಸಹಿತ.